ಆಟದ ಬಯಲಿನಲ್ಲಿ ಬೀಡಿ ಹೊಗೆ ಏಕೆ?

ರವಿವಾರ ಬೆಳಿಗ್ಗೆ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಯಾವುದಾದರೂ ಮೈದಾನದ ಕಡೆ ಹೋಗಿ ನೋಡಿ. ಒಂದೇ ಬಯಲಿನಲ್ಲಿ ಮೂರು ನಾಲ್ಕು ಕ್ರಿಕೆಟ್ ಪಂದ್ಯ. ಒಂದು ತಂಡದ ಫೀಲ್ಡರ್ ಇನ್ನೊಂದು ತಂಡದ ವಿಕೆಟ್ ಪಕ್ಕದಲ್ಲಿ ನಿಂತಿರುತ್ತಾನೆ. ಅಂಚಿನ ಬೇವಿನ ಮರದ ನೆರಳಿನಲ್ಲಿ ಆಟ ನೋಡುವ ಹಿರಿಯರು. ಅವರಲ್ಲಿ ಇಬ್ಬರು ಮೂವರ ಬೆರಳ ಸಂದಿಯಲ್ಲಿ ಬೀಡಿ ಇಲ್ಲವೇ ಸಿಗರೇಟು. ಅವರ ಮಗ್ಗುಲಲ್ಲೇ ಬ್ಯಾಟಿಂಗ್ ಸರದಿಗೆ ಕಾಯುತ್ತ ಕುಳಿತ ಹುಡುಗರು.

‘ಕಾಕಾ, ಜರಾ ಆ ಕಡಿ ಹೋಗಿ ಸೇದ್ರಿ’ ಎಂದು ಒಬ್ಬ ಹುಡುಗ ಧೈರ್ಯ ಮಾಡಿ ಹೇಳಿದನೆನ್ನಿ. ‘ಇದೇನ್ ಮನಿ ಏನೋ ತಮ್ಮಾ? ಬೈಲದ, ಹೊಗಿ ಗಾಳಿಗಿ ಹೋಗ್ತದ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕಾಕಾನ ಮಾತಿನಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಳೆದು ನೋಡಿ 2007ರಲ್ಲಿ ಪ್ರಕಟಿಸಿದರು. ಬಯಲಿನಲ್ಲಿ ಸೇದುವವನಿಂದ ಎರಡು ಮೀಟರ್ ದಾಟಿದರೆ ಹೊಗೆ ಬಹಳಷ್ಟು ಚದುರಿಹೋಗುತ್ತದೆ. ಆದರೆ ಅರ್ಧ ಮೀಟರಿನೊಳಗೆ ಕುಳಿತವನಿಗೆ, ಗಾಳಿ ಅವನತ್ತ ಬೀಸುತ್ತಿದ್ದರೆ, ಕೋಣೆಯೊಳಗೆ ಕುಳಿತಷ್ಟೇ ಹೊಗೆ ತಾಗಬಹುದು. ಸರದಿಗೆ ಕಾಯುವ ಹುಡುಗ ಕುಳಿತಿರುವುದು ಅಲ್ಲಿಯೇ ಅಲ್ಲವೇ? ಮೇಲಾಗಿ ಓಡಿ ಬಂದ ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ತಂಬಾಕಿನ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರಬಲ್ಲವು.

‘ಬಯಲು’ ಎಂಬ ಸಬೂಬು ಕಾನೂನಿನಲ್ಲೂ ಕೆಲಕಾಲ ನಡೆಯಿತು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧಿಸಿದ 2003ರ ಕೇಂದ್ರ ಕಾಯ್ದೆಯೇ ತೆರೆದ ಜಾಗವನ್ನು ಅದರಿಂದ ಹೊರಗಿಟ್ಟಿತ್ತು. 2008ರ ಅಕ್ಟೋಬರ್ 2ರಂದು ಜಾರಿಗೆ ಬಂದ ನಿಯಮಗಳು ಈ ಕಿಂಡಿಯನ್ನು ಮುಚ್ಚಿದವು. ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜನ ಸೇರುವ ಜಾಗಗಳು ತೆರೆದಿದ್ದರೂ ಅಲ್ಲಿ ಸೇದುವಂತಿಲ್ಲ. ಕರ್ನಾಟಕದ ತಿದ್ದುಪಡಿಗೆ 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ದಂಡವೂ 200 ರೂಪಾಯಿಯಿಂದ 1000 ರೂಪಾಯಿಗೆ ಏರಿದೆ. ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ಫ್ರಾನ್ಸ್ ದೇಶವಂತೂ ಮಕ್ಕಳ ಆಟದ ಜಾಗದಲ್ಲಿ ಧೂಮಪಾನವನ್ನು 2015ರಲ್ಲೇ ನಿಲ್ಲಿಸಿತು.

ಹೊಗೆಯ ಮಾತು ಇಷ್ಟಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ನೋಟದ ಮಾತು. ಮಕ್ಕಳು ಬೌಲಿಂಗ್ ಶೈಲಿಯನ್ನು ನೋಡಿಯೇ ಕಲಿಯುತ್ತಾರೆ, ಬೀಡಿ ಹಿಡಿಯುವ ಶೈಲಿಯನ್ನೂ ಹಾಗೆಯೇ. ಸಿಕ್ಸರ್ ಹೊಡೆದವನ ಬೆನ್ನು ತಟ್ಟುವ ಕೈಯಲ್ಲೇ ಸಿಗರೇಟು ಇದ್ದರೆ ಹುಡುಗನಿಗೆ ಎರಡೂ ಒಟ್ಟಿಗೇ ಹಿರಿತನದ ಗುರುತಾಗುತ್ತವೆ. ಇನ್ನು ಕೆಲವು ಮನೆಗಳಲ್ಲಿ ಆಡಲು ಹೊರಟ ಮಗನ ಕೈಗೆ ಹಣ ಕೊಟ್ಟು, ‘ಬರುವಾಗ ಒಂದು ಕಟ್ಟು ಬೀಡಿ ತಾ’ ಎಂದು ಹೇಳುವುದುಂಟು. ತಂದೆಗೆ ಇದು ಉಪ್ಪು ತರಿಸಿದಷ್ಟೇ ಸಹಜ. ಆದರೆ ಆ ಮಗುವಿಗೆ ಬೀಡಿ ಮಾರಿದ ಅಂಗಡಿಯವನು ಅಪರಾಧಿಯಾಗುತ್ತಾನೆ. 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೂ ಜೈಲುಶಿಕ್ಷೆ ಇದೆ.

ವಿದ್ಯಾರ್ಥಿಗಳೇ, ಹಿರಿಯರೊಡನೆ ಜಗಳ ಆಡಿರೆಂದು ಹೇಳುತ್ತಿಲ್ಲ. ಶಾಲೆಯ ಆವರಣದಲ್ಲಿ ಸೇದಿದವರಿಗೆ ದಂಡ ಹಾಕುವ ಅಧಿಕಾರ ಮುಖ್ಯೋಪಾಧ್ಯಾಯರಿಗೇ ಇದೆ. ಅವರಿಗೆ ಒಂದು ಮಾತು ತಿಳಿಸಿದರೆ ಸಾಕು. ತಂಬಾಕುಮುಕ್ತ ಶಾಲೆಗಳಿಗಾಗಿ ಕೇಂದ್ರ ಆರೋಗ್ಯ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಶಾಲೆಯಿಂದ 100 ಗಜ ದೂರಕ್ಕೆ ಹಳದಿ ಗೆರೆ ಎಳೆಯಲು ಹೇಳಿದೆ. ಆ ಗೆರೆಯೊಳಗೆ ತಂಬಾಕು ಮಾರುವಂತಿಲ್ಲ. ನಿಮ್ಮ ಶಾಲೆಯ ಮುಂದೆ ಆ ಗೆರೆ ಇದೆಯೇ? ಇಲ್ಲದಿದ್ದರೆ ಅಳೆಯುವ ಟೇಪು, ಒಂದು ಡಬ್ಬ ಬಣ್ಣ, ಒಬ್ಬ ಶಿಕ್ಷಕರು ಸಾಕು, ಒಂದು ಬೆಳಗಿನ ಕೆಲಸ. ಊರಿನ ಮೈದಾನಕ್ಕೆ ಫಲಕ ಬೇಕಾದರೆ ಪಾಲಕರು ಸೇರಿ ಸ್ಥಳೀಯ ಆಡಳಿತಕ್ಕೆ ಅರ್ಜಿ ಕೊಡಬಹುದು.

ಬಿಡಬೇಕೆಂದರೂ ಬಿಡಲಾಗದ ಕಾಕಾಗಳೂ ಇದ್ದಾರೆ. ಅವರಿಗಾಗಿ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಕನ್ನಡದಲ್ಲೂ ಮಾತಾಡಬಹುದು. ಸ್ಕೋರ್ ಬರೆಯುವ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಕೇಳಿದವರಿಗೆ ಹರಿದು ಕೊಡಲು ಬರುತ್ತದೆ.