ಏಲಕ್ಕಿ ಜಗಿದರೆ ಯಂತ್ರ ಮೋಸಹೋದೀತೇ?

ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಆಡಕಿ ಸೀಮೆಯ ರಸ್ತೆಗಳಲ್ಲಿ ಲಾರಿಗಳ ಜತೆಗೇ ಶಾಲಾ ಮಕ್ಕಳ ಸೈಕಲ್ಲೂ ಸಾಗಬೇಕು. ಚಾಲಕ ಕುಡಿದಿದ್ದರೆ ಅಪಾಯ ಅವನೊಬ್ಬನಿಗೇ ಅಲ್ಲ. ಅಂಥವರ ಪತ್ತೆಗೆ ಪೊಲೀಸರು ಬಳಸುವ ಪುಟ್ಟ ಯಂತ್ರವೇ ಬ್ರೆತ್ ಅನಲೈಸರ್.

ಏಲಕ್ಕಿ ಜಗಿದು, ಉಳ್ಳಾಗಡ್ಡಿ ತಿಂದು ಪಾರಾಗಬಹುದೆಂದು ನಂಬಿದವರುಂಟು. ಆದರೆ ಯಂತ್ರ ಹುಡುಕುವುದು ಬಾಯಿಯ ವಾಸನೆಯನ್ನಲ್ಲ. ಕುಡಿದ ಮದ್ಯ ಹೊಟ್ಟೆ, ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಆ ರಕ್ತ ಶ್ವಾಸಕೋಶಕ್ಕೆ ಬಂದಾಗ ಮದ್ಯಸಾರ ಆವಿಯಾಗಿ ಉಸಿರಿಗೆ ಬೆರೆಯುತ್ತದೆ. 2,100 ಮಿ.ಲೀ. ಉಸಿರಿನಲ್ಲಿರುವಷ್ಟು ಮದ್ಯಸಾರ 1 ಮಿ.ಲೀ. ರಕ್ತದಲ್ಲಿದೆ ಎಂಬುದು ರೂಢಿಯ ಲೆಕ್ಕ. ಶ್ವಾಸಕೋಶದ ಆಳದ ಗಾಳಿ ಬೇಕಾದ್ದರಿಂದಲೇ ದೀರ್ಘವಾಗಿ ಊದಿಸುತ್ತಾರೆ.

1954ರಲ್ಲಿ ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ ರೂಪಿಸಿದ ಯಂತ್ರದಲ್ಲಿ ರಾಸಾಯನಿಕದ ಬಣ್ಣ ಬದಲಾಗುತ್ತಿತ್ತು. ಈಗಿನ ಹಲವು ಯಂತ್ರಗಳಲ್ಲಿ ಪ್ಲಾಟಿನಂ ಮೇಲೆ ಮದ್ಯಸಾರ ಆಮ್ಲವಾಗಿ ಮಾರ್ಪಟ್ಟು ವಿದ್ಯುತ್ ಹುಟ್ಟುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಅದೇ ಅಂಕಿಯಾಗಿ ಮೂಡುತ್ತದೆ. ಮದ್ಯಸಾರವಿರುವ ಔಷಧಿಯಿಂದ ಆಗಷ್ಟೇ ಬಾಯಿ ಮುಕ್ಕಳಿಸಿದ್ದರೂ ಅಂಕಿ ಏರಬಹುದು. ಸುಮಾರು 15 ನಿಮಿಷ ಬಿಟ್ಟು ಊದಿದರೆ ಆ ದೋಷ ಉಳಿಯದು.

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿದರೆ, 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ತಪ್ಪಿಗೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ.

ಕಾಫಿಯಾಗಲಿ, ತಣ್ಣೀರ ಸ್ನಾನವಾಗಲಿ ರಕ್ತದ ಮದ್ಯಸಾರವನ್ನು ಇಳಿಸದು. ಅದನ್ನು ಕರಗಿಸುವ ಕೆಲಸ ಯಕೃತ್ತಿನದು. ಅದಕ್ಕೆ ಗಂಟೆಗಟ್ಟಲೆ ಸಮಯ ಬೇಕು. ಅಲ್ಲಿಯವರೆಗೆ ಅಪ್ಪನಾದರೂ ಸರಿ, ಅಣ್ಣನಾದರೂ ಸರಿ, ಬೈಕಿನ ಕೀಲಿಕೈ ಮನೆಯಲ್ಲೇ ಇರಲಿ.