ಲೋಹಕ್ಕೂ ರಾಳಕ್ಕೂ ಅಂಟಿನ ನಂಟು

ಹಳ್ಳಿಯ ಮನೆಯ ಚಾಕುವನ್ನೋ ಕುಡುಗೋಲನ್ನೋ ಗಮನಿಸಿ ನೋಡಿ. ಅಲಗಿನ ಬಾಲವನ್ನು ಮರದ ಹಿಡಿಯೊಳಗೆ ನಿಲ್ಲಿಸಲು ನಮ್ಮ ಹಿರಿಯರು ಅರಗನ್ನು ಕಾಯಿಸಿ ತುಂಬುತ್ತಿದ್ದರು. ಅರಗೆಂಬುದು ಒಂದು ಬಗೆಯ ಕೀಟವು ಸ್ರವಿಸುವ ರಾಳ. ಆರಿದ ಮೇಲೆ ಅದು ಕಬ್ಬಿಣವನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದೇ ಚಾಕುವನ್ನು ಒಲೆಯ ಬಳಿ ಮರೆತುಬಿಟ್ಟರೆ ಅರಗು ಮೆತ್ತಗಾಗಿ ಅಲಗು ಕಳಚಿ ಬರುತ್ತದೆ. ಹಾಗಾದರೆ ಅರಗು ಕೆಟ್ಟ ಅಂಟೇ? ಅಲ್ಲ. ಒಲೆಯ ಶಾಖಕ್ಕೆ ಅದು ತಕ್ಕ ಅಂಟಲ್ಲ, ಅಷ್ಟೆ.

ಇಂದು ಎಪಾಕ್ಸಿ, ಬೇಕಲೈಟ್, ಅಕ್ರಿಲಿಕ್ ಮೊದಲಾದ ಕೃತಕ ರಾಳಗಳು ನಮ್ಮ ಸುತ್ತಲೂ ತುಂಬಿವೆ. ಪ್ರಯೋಗಶಾಲೆಯಲ್ಲಿ ಉಪಕರಣಗಳನ್ನು ಕಟ್ಟುವ ವಿದ್ಯಾರ್ಥಿಗಳು ರಾಳದ ಗಟ್ಟಿಗೆ ಅಲ್ಯೂಮಿನಿಯಂ ತಗಡನ್ನೋ ಹಿತ್ತಾಳೆಯ ತುಂಡನ್ನೋ ಅಂಟಿಸಬೇಕಾಗುತ್ತದೆ. ಆಗ ಅವರು ಕೇಳುವ ಪ್ರಶ್ನೆ ಒಂದೇ: “ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು?” ಆ ಪ್ರಶ್ನೆಯೇ ಸರಿಯಲ್ಲವೆಂದು ತೋರಿಸುವುದು ಈ ಲೇಖನದ ಉದ್ದೇಶ. ಇದು ಕೇವಲ ಚಿಕ್ಕ ಉಪಕರಣಗಳ ಮಾತಲ್ಲ. ತಪ್ಪು ಅಂಟನ್ನು ಆರಿಸಿದ್ದರಿಂದ ಒಂದು ಜೀವವೇ ಹೋದದ್ದುಂಟು. ಅದನ್ನು ಮುಂದೆ ಹೇಳುತ್ತೇವೆ.

ಮೊದಲು ಅಂಟುವಿಕೆ ಎಂದರೇನೆಂಬುದನ್ನು ವಿಚಾರಿಸೋಣ. ಎರಡು ವಸ್ತುಗಳ ಅಣುಗಳು ಅತಿ ಸಮೀಪಕ್ಕೆ ಬಂದಾಗ ಒಂದನ್ನೊಂದು ಆಕರ್ಷಿಸುತ್ತವೆ. ಆದರೆ ಎಷ್ಟೇ ನಯವಾಗಿ ಉಜ್ಜಿದ ತಗಡಿನಲ್ಲಿಯೂ ಅಣುವಿನ ಅಳತೆಗೆ ಹೋಲಿಸಿದರೆ ಬೆಟ್ಟಗಳೂ ಕಣಿವೆಗಳೂ ಇರುತ್ತವೆ. ಎರಡು ತಗಡುಗಳನ್ನು ಒತ್ತಿ ಹಿಡಿದರೆ ಶಿಖರಕ್ಕೆ ಶಿಖರ ತಾಗುವುದೇ ಹೊರತು ಉಳಿದೆಡೆಯಲ್ಲಿ ಗಾಳಿಯೇ ತುಂಬಿರುತ್ತದೆ. ದ್ರವರೂಪದ ಅಂಟು ಕಣಿವೆಗಳಿಗೆ ಇಳಿದು, ಮೇಲ್ಮೈಯನ್ನು ತೋಯಿಸಿ, ಅನಂತರ ಅಲ್ಲಿಯೇ ಗಟ್ಟಿಯಾಗುತ್ತದೆ. ತೋಯಿಸದ ಅಂಟು ಅಂಟಲಾರದು.

ತಾವರೆಯೆಲೆಯ ಮೇಲೆ ನೀರು ಹನಿಯಾಗಿ ಉರುಳುವುದನ್ನು ನೀವು ಕಂಡಿದ್ದೀರಿ. ಬೆರಳಿನ ಎಣ್ಣೆ ಸೋಕಿದ ಲೋಹದ ಮೇಲೂ ಹೀಗೆಯೇ ಆಗುತ್ತದೆ. ಆದುದರಿಂದ ಲೋಹವನ್ನು ಅಸಿಟೋನಿನಿಂದ ಒರಸಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಒರಸಬೇಕು. ಅದರ ಮೇಲೆ ಶುದ್ಧವಾದ ನೀರನ್ನು ಸುರಿಯಿರಿ. ನೀರು ಒಡೆಯದ ಹಾಳೆಯಂತೆ ಹರಡಿದರೆ ಮೇಲ್ಮೈ ಶುಚಿಯಾಗಿದೆ. ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಬಳಿಕ ನೀರನ್ನು ಪೂರ್ಣವಾಗಿ ಆರಿಸಿ, ತಡಮಾಡದೆ ಅಂಟು ಹಚ್ಚಬೇಕು. ರಾಳದ ಕಡೆಯಲ್ಲಿ ಬೇರೊಂದು ತೊಡಕುಂಟು. ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಬಳಿದ ಮೇಣವು ಎರಕದ ರಾಳದ ಮೈಮೇಲೆ ಉಳಿದಿರುತ್ತದೆ. ಅದನ್ನು ತೆಗೆಯದಿದ್ದರೆ ಅಂಟು ಮೇಣವನ್ನು ಹಿಡಿಯುತ್ತದೆ, ರಾಳವನ್ನಲ್ಲ.

ಎರಡನೆಯ ವಿಚಾರ ಶಾಖ. ಅಲ್ಯೂಮಿನಿಯಂ ಒಂದು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಪಾಲಿನಷ್ಟು ಹಿಗ್ಗುತ್ತದೆ. ಬೇರೇನನ್ನೂ ಬೆರೆಸದ ಎಪಾಕ್ಸಿ ರಾಳವು ಸುಮಾರು 60 ಪಾಲಿನಷ್ಟು ಹಿಗ್ಗುತ್ತದೆ. 20 ಸೆಂಟಿಮೀಟರ್ ಉದ್ದದ ಎರಡು ಪಟ್ಟಿಗಳನ್ನು ಅಂಟಿಸಿ ಬಿಸಿಲಿನಲ್ಲಿಟ್ಟೆವೆನ್ನೋಣ. ಉಷ್ಣತೆ 40 ಡಿಗ್ರಿಯಷ್ಟು ಏರಿದರೆ ಲೋಹವು 0.18 ಮಿಲಿಮೀಟರಿನಷ್ಟೂ ರಾಳವು 0.48 ಮಿಲಿಮೀಟರಿನಷ್ಟೂ ಬೆಳೆಯಬಯಸುತ್ತವೆ. ವ್ಯತ್ಯಾಸ 0.3 ಮಿಲಿಮೀಟರ್. ಸಾಮಾನ್ಯವಾಗಿ ಅಂಟಿನ ಪದರವೇ ಅಷ್ಟು ದಪ್ಪವಿರುವುದಿಲ್ಲ! ಗಾಜಿನಂತೆ ಬಿರುಸಾದ ಅಂಟು ಈ ಎಳೆದಾಟದಲ್ಲಿ ಸೀಳಿಹೋಗುತ್ತದೆ. ರಬ್ಬರಿನಂತೆ ಬಾಗುವ ಪಾಲಿಯುರೆಥೇನ್ ಅಥವಾ ಸಿಲಿಕೋನ್ ಅಂಟು ಉಳಿದುಕೊಳ್ಳುತ್ತದೆ. ಒಂದು ಸೆಂಟಿಮೀಟರಿನ ತುಂಡಿನಲ್ಲಾದರೆ ವ್ಯತ್ಯಾಸವು ಕೇವಲ 0.015 ಮಿಲಿಮೀಟರ್, ಅಲ್ಲಿ ಬಿರುಸಾದ ಅಂಟೂ ನಡೆದೀತು.

ಮೂರನೆಯದು ಬಲದ ದಿಕ್ಕು. ಲಕೋಟೆಯ ಮೇಲಿನ ಅಂಚೆಚೀಟಿಯನ್ನು ಪಕ್ಕಕ್ಕೆ ಜಾರಿಸಲು ಹೋದರೆ ಅದು ಕದಲದು. ಮೂಲೆಯನ್ನೆತ್ತಿ ಸುಲಿದರೆ ಕಿತ್ತುಬರುತ್ತದೆ. ಜಾರಿಸುವಾಗ ಇಡೀ ಪದರವು ಬಲವನ್ನು ಹಂಚಿಕೊಳ್ಳುತ್ತದೆ. ಸುಲಿಯುವಾಗ ಬಲವೆಲ್ಲ ಒಂದು ಗೆರೆಯ ಮೇಲೆಯೇ ಬೀಳುತ್ತದೆ. ಕ್ಷಣಮಾತ್ರದಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಅಂಟು ನೇರ ಎಳೆತವನ್ನು ಚೆನ್ನಾಗಿ ತಡೆದರೂ ಸುಲಿತವನ್ನೂ ಪೆಟ್ಟನ್ನೂ ತಾಳದು.

ಗಟ್ಟಿತನವೂ ಬೇಕು, ಬಾಗುವ ಗುಣವೂ ಬೇಕು. ಇವೆರಡನ್ನೂ ಒಂದುಗೂಡಿಸಿದ ಕೀರ್ತಿ ಇಂಗ್ಲೆಂಡಿನ ಡಕ್ಸ್‌ಫರ್ಡಿನಲ್ಲಿ ಸಂಶೋಧನೆ ನಡೆಸುತ್ತಿದ್ದ ನಾರ್ಮನ್ ಡಿ ಬ್ರೂಯಿನ್ ಅವರಿಗೂ ಅವರ ಸಂಗಡಿಗರಿಗೂ ಸಲ್ಲುತ್ತದೆ. ಅವರು 1941ರಲ್ಲಿ ಸಿದ್ಧಪಡಿಸಿದ ಅಂಟಿಗೆ ‘ರೀಡಕ್ಸ್’ ಎಂದು ಹೆಸರು. ಬೇಕಲೈಟಿನ ಜಾತಿಯ ಫೀನಾಲಿಕ್ ರಾಳವು ಬಿರುಸು. ಪಾಲಿವಿನೈಲ್ ಫಾರ್ಮಲ್ ಎಂಬುದು ಬಾಗುವ ಪ್ಲಾಸ್ಟಿಕ್. ಲೋಹಕ್ಕೆ ಮೊದಲನೆಯದನ್ನು ದ್ರವರೂಪದಲ್ಲಿ ಹಚ್ಚಿ, ಎರಡನೆಯದನ್ನು ಪುಡಿಯಾಗಿ ಉದುರಿಸಿ, ಒತ್ತಡದಲ್ಲಿ ಕಾಯಿಸಿದರೆ ಎರಡೂ ಬೆರೆತು ಗಟ್ಟಿಯಾಗುವುವು. 1944ರಲ್ಲಿ ಮೊದಲು ಹಾರಿದ ಡಿ ಹ್ಯಾವಿಲ್ಯಾಂಡ್ ಹಾರ್ನೆಟ್ ವಿಮಾನದಲ್ಲಿ ಮರವನ್ನೂ ಅಲ್ಯೂಮಿನಿಯಮನ್ನೂ ಬೆಸೆದದ್ದು ಈ ಅಂಟೇ.

ಕೊನೆಯದು, ಹೆಚ್ಚಿನವರು ಮರೆಯುವಂಥದು, ಕಾಲ. 2006ರ ಜುಲೈ 10ರ ರಾತ್ರಿ ಅಮೆರಿಕದ ಬಾಸ್ಟನ್ ನಗರದ ಒಂದು ರಸ್ತೆ ಸುರಂಗದಲ್ಲಿ ಸುಮಾರು 26 ಟನ್ ತೂಕದ ಕಾಂಕ್ರೀಟ್ ಒಳಮಾಳಿಗೆಯು ಒಂದು ಕಾರಿನ ಮೇಲೆ ಕುಸಿಯಿತು. ಒಳಗಿದ್ದ ಮಹಿಳೆ ಮಡಿದರು. ಆ ಹಲಗೆಗಳನ್ನು ತೂಗುಹಾಕಿದ್ದ ಉಕ್ಕಿನ ಸರಳುಗಳನ್ನು ಸುರಂಗದ ಛಾವಣಿಯ ರಂಧ್ರಗಳಲ್ಲಿ ಎಪಾಕ್ಸಿ ರಾಳದಿಂದ ಅಂಟಿಸಲಾಗಿತ್ತು. ಆ ರಾಳದಲ್ಲಿ ಎರಡು ಬಗೆ: ಬೇಗ ಗಟ್ಟಿಯಾಗುವುದು ಒಂದು, ನಿಧಾನವಾಗಿ ಗಟ್ಟಿಯಾಗುವುದು ಮತ್ತೊಂದು. ಅಲ್ಲಿ ಬಳಸಿದ್ದು ಬೇಗ ಗಟ್ಟಿಯಾಗುವ ಬಗೆ. ಸ್ವಲ್ಪ ಹೊತ್ತು ಭಾರ ಹೇರಿ ಪರೀಕ್ಷಿಸಿದಾಗ ಅದು ಗಟ್ಟಿಯಾಗಿಯೇ ತೋರುತ್ತದೆ. ಆದರೆ ಹಗಲಿರುಳೂ ಒಂದೇ ಸಮನೆ ತೂಗುವ ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಹಿಗ್ಗುತ್ತ ಜಾರುತ್ತದೆ. ಇದನ್ನು ತೆವಳಿಕೆ ಎನ್ನಬಹುದು. ಸರಳುಗಳು ಕೆಳಕ್ಕೆ ಜಾರಿದುದು 1999ರಲ್ಲಿಯೇ ಕಂಡುಬಂದಿತ್ತು. ಆದರೆ ಕಾರಣವನ್ನು ಆಗ ಯಾರೂ ಕೊನೆಮುಟ್ಟ ಶೋಧಿಸಲಿಲ್ಲ. ತೆವಳಿಕೆಯನ್ನು ತಡೆಯಲಾರದ ಅಂಟನ್ನು ಬಳಸಿದುದೇ ದುರಂತಕ್ಕೆ ಕಾರಣವೆಂದು 2007ರಲ್ಲಿ ತನಿಖೆಯು ಸಾರಿತು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ತುಂಡು ಚಿಕ್ಕದಾಗಿ, ಶಾಖ ಕಡಮೆಯಾಗಿ, ಪೆಟ್ಟು ಬೀಳದಂತಿದ್ದರೆ ಎರಡು ಕೊಳವೆಗಳಲ್ಲಿ ಬರುವ ಸಾಮಾನ್ಯ ಎಪಾಕ್ಸಿ ಅಂಟು ಸಾಕು. ಅವಸರವಿಲ್ಲದಿದ್ದರೆ ನಿಧಾನವಾಗಿ ಗಟ್ಟಿಯಾಗುವುದನ್ನೇ ಕೊಳ್ಳಿ. ತಗಡು ಉದ್ದವಾಗಿ, ಬಿಸಿಲಿಗೆ ಒಡ್ಡಿಕೊಂಡಿದ್ದರೆ ಬಾಗುವ ಅಂಟು ಬೇಕು. ಭಾರವು ವರ್ಷಗಟ್ಟಲೆ ತೂಗುವಂತಿದ್ದರೆ, ಅದರಲ್ಲಿಯೂ ಕೆಳಗೆ ಮನುಷ್ಯರು ಓಡಾಡುವಂತಿದ್ದರೆ, ಅಂಟನ್ನೊಂದೇ ನಂಬದೆ ತಿರುಪುಮೊಳೆಯ ಆಸರೆಯನ್ನೂ ಕೊಡಿ.

ಆದುದರಿಂದ ಅಂಗಡಿಯಲ್ಲಿ “ಗಟ್ಟಿಯಾದ ಅಂಟು ಕೊಡಿ” ಎನ್ನುವ ಮೊದಲು ನಾಲ್ಕು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳೋಣ: ಮೇಲ್ಮೈ ಎಂಥದು? ಶಾಖ ಎಷ್ಟು? ಬಲ ಯಾವ ದಿಕ್ಕಿನದು? ಎಷ್ಟು ಕಾಲ ಹೊರಬೇಕು? ಇವಕ್ಕೆ ಉತ್ತರ ದೊರೆತರೆ ಅಂಟು ತಾನಾಗಿಯೇ ದೊರೆಯುತ್ತದೆ.