ಕೆಡವುವ ಮೊದಲು ಹತ್ತು ನಿಮಿಷ

ಸಹೋದರಿ, ಹಳೆಯ ಹಂಚಿನ ಮನೆ ಕೆಡವಿ ಹೊಸದು ಕಟ್ಟುವ ಮಾತು ನಿಮ್ಮಲ್ಲೂ ನಡೆದಿದೆಯೇ? ಹಾಗಾದರೆ ಕೆಲಸದವರು ಬರುವ ಮೊದಲು ಮಗುವಿನ ಪೆನ್ಸಿಲ್ ತೆಗೆದುಕೊಂಡು ಅಡುಗೆಕೋಣೆಯ ಬಾಗಿಲಲ್ಲಿ ಕುಳಿತುಕೊಳ್ಳಿ. ಮದುವೆಯ ಆಲ್ಬಂ ತುಂಬ ಮುಖಗಳಿವೆ. ಅತ್ತೆ ತನ್ನ ಆಯುಷ್ಯದ ಬಹುಪಾಲು ಕಳೆದ ಈ ಕೋಣೆ ಮಾತ್ರ ಅದರಲ್ಲಿಲ್ಲ.

ಚಿತ್ರ ಬಿಡಿಸಬಹುದೇ ಎಂಬ ಅಳುಕು ಬೇಡ. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದವನೊಬ್ಬ ಬಂದು ಕೇಳಿದಾಗ, ಮರಗಳನ್ನೂ ಜೀವವಿಲ್ಲದ ವಸ್ತುಗಳನ್ನೂ ಬರೆಯುವಂತೆ ಇಬ್ನು ಅಬ್ಬಾಸ್(ರ) ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಒಲೆ, ಕಡೆಯುವ ಕಲ್ಲು, ಕಿಟಕಿಯ ಸರಳು ಎಲ್ಲ ಅದರಲ್ಲೇ ಬಂದವು.

ಮೊದಲು ಗೋಡೆ, ಬಾಗಿಲು, ಕಿಟಕಿ. ಆಮೇಲೆ ಸಾಮಾನು. ಗೆರೆ ಸೊಟ್ಟಗಾದರೆ ಆಗಲಿ, ರಬ್ಬರ್ ಮುಟ್ಟಬೇಡಿ. ಮಸಿ ಹಿಡಿದ ಗೋಡೆಗೆ ಪೆನ್ಸಿಲನ್ನು ಓರೆಯಾಗಿ ಉಜ್ಜಿದರೆ ಸಾಕು. ಒಲೆಯಿಂದ ನೀರಿನ ಕೊಡಕ್ಕೆ ಎಷ್ಟು ಹೆಜ್ಜೆ? ಅದನ್ನೂ ಬರೆದಿಡಿ. ದಿನಕ್ಕೆ ಎಷ್ಟು ಬಾರಿ ಆ ಹೆಜ್ಜೆ ಹಾಕಿದ್ದೆಂದು ಗಂಡಸರು ಕೇಳಿದವರಲ್ಲ!

ಪ್ರವಾದಿ(ಸ) ಸುಜೂದ್‌ಗೆ ಹೋಗುವಾಗ ಮೆಲ್ಲನೆ ಮುಟ್ಟುತ್ತಿದ್ದರು, ನಾನು ಕಾಲು ಮಡಚಿಕೊಳ್ಳುತ್ತಿದ್ದೆ, ಆಗ ಮನೆಗಳಲ್ಲಿ ದೀಪವಿರಲಿಲ್ಲ ಎಂದು ಹ. ಆಯಿಶಾ(ರ) ತಿಳಿಸಿದ್ದಾರೆ. ಅಷ್ಟರಲ್ಲೇ ಆ ಕೋಣೆಯ ಇಕ್ಕಟ್ಟು, ಕತ್ತಲೆ ನಮ್ಮ ಕಣ್ಣಿಗೆ ಕಟ್ಟುತ್ತದೆ.

ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ ಅತ್ತೆಗೆ ತೋರಿಸಿ. ಉಪ್ಪಿನ ಭರಣಿ ಎಡಕ್ಕಿತ್ತೋ ಬಲಕ್ಕಿತ್ತೋ, ಅವರೇ ತಿದ್ದುತ್ತಾರೆ.